ಟ್ಯಾಬ್ಲೆಟ್ ಸಾಕಾಗುವ ಕಡೆ ರೋಬಾಟ್ ಯಾಕೆ ಬೇಕು?

(ಇದೊಂದು ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಅಂಕಿಅಂಶ

ಶಾಲೆಯಲ್ಲಿ ಸಾಮಾಜಿಕ ರೋಬಾಟ್ (ಜನರ ಜೊತೆ ಮಾತು, ಸನ್ನೆಯಿಂದ ಬೆರೆಯುವ ಯಂತ್ರ) ಕೂರಿಸಿ ಪಾಠ ಹೇಳಿಸುವ ಸಂಶೋಧನೆ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಹೋಲಿಕೆಗೆ ಬರೀ ಟ್ಯಾಬ್ಲೆಟ್‌ನಲ್ಲಿ ಕಲಿಯುವ ಗುಂಪು ಇಲ್ಲದ ಪ್ರಸ್ತಾವನೆಗೆ ವಿಶ್ವವಿದ್ಯಾಲಯಗಳು ದುಡ್ಡು ಕೊಡಬಾರದು.

ಯುರೋಪಿನ ಎಲ್-ಟ್ಯೂಟರ್ ಯೋಜನೆಯನ್ನೇ ನೋಡಿ. ನೆದರ್‌ಲ್ಯಾಂಡ್ಸ್‌ನ ಐದಾರು ವರ್ಷದ 194 ಮಕ್ಕಳು, ಏಳು ಪಾಠ, 34 ಇಂಗ್ಲಿಷ್ ಪದ. ಒಂದು ಗುಂಪಿಗೆ ಪದದ ಅರ್ಥ ತೋರಿಸುವ ಕೈಸನ್ನೆ ಮಾಡುವ, ನಾವೋ ಅನ್ನುವ ಪುಟ್ಟ ಮನುಷ್ಯಾಕಾರದ ರೋಬಾಟ್ ಜೊತೆ ಟ್ಯಾಬ್ಲೆಟ್. ಇನ್ನೊಂದಕ್ಕೆ ಅಂಥ ಕೈಸನ್ನೆ ಮಾಡದ ನಾವೋ ಜೊತೆ ಟ್ಯಾಬ್ಲೆಟ್. ಮೂರನೆಯದಕ್ಕೆ ಬರೀ ಟ್ಯಾಬ್ಲೆಟ್. ನಾಲ್ಕನೆಯದು ಪದಪಾಠವೇ ಇಲ್ಲದೆ ರೋಬಾಟ್ ಜೊತೆ ಕುಣಿದು ಹೋದ ನಿಯಂತ್ರಣ ಗುಂಪು. ಏನನ್ನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಅನ್ನುವುದನ್ನು ಮೊದಲೇ ನೋಂದಾಯಿಸಿ ಆಮೇಲೆ ಪ್ರಯೋಗ ನಡೆಸಿದರು. 2019ರಲ್ಲಿ ಬಂದ ಫಲಿತಾಂಶ: ಮೊದಲ ಮೂರೂ ಗುಂಪಿನ ಮಕ್ಕಳು ನಿಯಂತ್ರಣ ಗುಂಪಿಗಿಂತ ಹೆಚ್ಚು ಕಲಿತರು, ಆ ಮೂರರ ನಡುವೆ ಮಾತ್ರ ವ್ಯತ್ಯಾಸ ಕಾಣಲಿಲ್ಲ. ರೋಬಾಟ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಮೋಟರ್ ಮೇಷ್ಟ್ರು

"ದುಡ್ಡು ಕೊಡಬಾರದು" ಅಂತ ಒಂದು ಪೇಪರ್ ಹಿಡಿದು ತೀರ್ಪು ಕೊಡೋದು ಸರಿಯಲ್ಲ ಮೇಡಂ. 2018ರಲ್ಲಿ ಸೈನ್ಸ್ ರೋಬಾಟಿಕ್ಸ್‌ನಲ್ಲಿ ಬಂದ ಸಮೀಕ್ಷೆ ನೂರೊಂದು ಪೇಪರ್ ಜಾಲಾಡಿದೆ. ಅಂಕಗಳ ಸಹಜ ಏರಿಳಿತವನ್ನು (ಪ್ರಮಾಣ ವಿಚಲನೆ) 1 ಅಂತ ಇಟ್ಕೊಂಡ್ರೆ, ಕಲಿಕೆಯ ಮೇಲಿನ ಸರಾಸರಿ ಪರಿಣಾಮ 0.70, ಆಸಕ್ತಿ-ಮನೋಭಾವದ ಮೇಲೆ 0.59. ಶಿಕ್ಷಣದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಯೇಲ್ ವಿಶ್ವವಿದ್ಯಾಲಯದವರು 2012ರಲ್ಲೇ ಕೀಪಾನ್ ಅನ್ನೋ ಪುಟ್ಟ ಹಳದಿ ರೋಬಾಟ್ ಇಟ್ಟು ಚೌಕದ ಒಗಟು ಬಿಡಿಸೋಕೆ ಹೇಳಿದ್ರು. ಅದೇ ಸಲಹೆ, ಅದೇ ಧ್ವನಿ. ಪರದೆ ಮೇಲೆ ಕಂಡ ರೋಬಾಟ್‌ಗಿಂತ ಎದುರಿಗೇ ಕೂತ ರೋಬಾಟ್‌ನಿಂದ ಸಲಹೆ ಪಡೆದವರು ಬೇಗ ಬಿಡಿಸಿದ್ರು.

ಎಲ್-ಟ್ಯೂಟರ್‌ನಲ್ಲಿ ಪಾಠ ಹೆಚ್ಚಾಗಿ ನಡೆದದ್ದು ಟ್ಯಾಬ್ಲೆಟ್ ಪರದೆ ಮೇಲೆ. ರೋಬಾಟ್‌ಗೆ ಹೆಚ್ಚು ಕೆಲಸ ಕೊಡದೆ, ಕೆಲಸ ಮಾಡಲಿಲ್ಲ ಅಂದ್ರೆ ಹೇಗೆ? ನಮ್ಮ ಪಕ್ಕದ ವಯನಾಡಿನಲ್ಲೇ ನೋಡಿ. ಅಮೃತಾ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸರ್ಕಾರಿ ಪ್ರಾಥಮಿಕ ಶಾಲೆಯ ಕೈತೊಳೆಯೋ ನಲ್ಲಿಗಳ ಮೇಲೆ ಗೋಡೆಗೆ ಪೆಪೆ ಅನ್ನೋ ಹಸಿರು ಅಂಗೈ ಆಕಾರದ ರೋಬಾಟ್ ಹಾಕಿದ್ರು. ಸುಮಾರು ನೂರು ಮಕ್ಕಳು. ಕೈ ತೊಳೆಯೋದು ಶೇ. 40ರಷ್ಟು ಹೆಚ್ಚಿತು. ಗೋಡೆಗೆ ಟ್ಯಾಬ್ಲೆಟ್ ನೇತುಹಾಕಿದ್ರೆ ಇದು ಆಗ್ತಿತ್ತಾ?

ತುಂಗಾತೀರ

ಮೇಷ್ಟ್ರೇ, ಪೆಪೆ ವಿಷಯ ಪೂರ್ತಿ ಹೇಳಿ. ಮಕ್ಕಳನ್ನು ನೋಡಿ "ಬಾ, ಕೈ ತೊಳೆ" ಅಂತ ಮಾತಾಡಿದ್ದು ಆ ಯಂತ್ರ ಅಲ್ಲ. ದೂರದಲ್ಲಿ ಕೂತ ಮನುಷ್ಯ ಅದನ್ನು ನಡೆಸುತ್ತಿದ್ದ. ಇದಕ್ಕೆ ನಮ್ಮಲ್ಲಿ ಹೆಸರಿದೆ, ಗೊಂಬೆಯಾಟ. ಗೊಂಬೆಯಾಟಕ್ಕೆ ರೋಬಾಟ್ ಸಂಶೋಧನೆ ಅಂತ ಹಣೆಪಟ್ಟಿ ಅಂಟಿಸಿ ಪಿಎಚ್‌ಡಿ ಕೊಡುತ್ತಿದ್ದಾರೆ.

ಮೋಟರ್ ಮೇಷ್ಟ್ರು

ಗೊಂಬೆಯಾಟ ಅಂತ ಹೀಗಳೆಯೋಕೆ ಮುಂಚೆ ವಿಧಾನ ತಿಳ್ಕೊಳ್ಳಿ. ಇದಕ್ಕೆ ವಿಜರ್ಡ್ ಆಫ್ ಓಜ್ ಅಂತಾರೆ, ದಶಕಗಳ ಹಳೇ ವಿಧಾನ. ಇದನ್ನು ಬಳಸಿದ 54 ಪೇಪರ್‌ಗಳನ್ನು ಪರಿಶೀಲಿಸಿ, ವರದಿಯಲ್ಲಿ ಏನೇನು ಬರೆಯಲೇಬೇಕು ಅಂತ 2012ರಲ್ಲಿ ನಿಯಮ ಪಟ್ಟಿಯನ್ನೇ ಕೊಟ್ಟಿದ್ದಾರೆ. ಮಾತು ಗುರುತಿಸೋ ತಂತ್ರಾಂಶ ತಯಾರಾಗೋ ತನಕ ಕಾದರೆ "ರೋಬಾಟ್ ಹೀಗೆ ನಡ್ಕೊಂಡ್ರೆ ಮಗು ಏನು ಮಾಡುತ್ತೆ" ಅನ್ನೋ ಪ್ರಶ್ನೆ ಕೇಳೋದು ಯಾವಾಗ?

ಸರಿಯಾಗಿ ಮಾಡೋರು ಹೇಗೆ ಮಾಡ್ತಾರೆ ಕೇಳಿ. ಆಪರೇಟರ್ ಮುಂದೆ ನಲವತ್ತು ಐವತ್ತು ಗುಂಡಿಯ ಪರದೆ ಇರುತ್ತೆ, ಒಂದೊಂದು ಗುಂಡಿಗೆ ಒಂದು ಸಿದ್ಧ ವಾಕ್ಯ, ಒಂದು ಚಲನೆ. ಬಾಯಿಗೆ ಬಂದದ್ದು ಟೈಪ್ ಮಾಡಿ ಹೇಳಿಸೋ ಹಾಗಿಲ್ಲ. ಮಗು ತಪ್ಪು ಹೇಳಿದ್ರೆ ಯಾವ ಗುಂಡಿ, ಐದು ಸೆಕೆಂಡ್ ಸುಮ್ಮನಿದ್ರೆ ಯಾವ ಗುಂಡಿ, ಎಲ್ಲ ಮೊದಲೇ ಬರೆದಿಟ್ಟ ಕವಲು ಚಿತ್ರದ ಪ್ರಕಾರ. ಗುಂಡಿ ಒತ್ತಿದ ಪ್ರತಿ ಸಲವೂ ವೇಳೆ ಸಮೇತ ಲಾಗ್ ಆಗುತ್ತೆ. ಆಮೇಲೆ ವಿಡಿಯೊ ಜೊತೆ ತಾಳೆ ನೋಡಿ ಎಷ್ಟು ಸಲ ತಪ್ಪು ಗುಂಡಿ ಒತ್ತಿದ್ದಾರೆ ಅಂತ ಎಣಿಸ್ತಾರೆ. ಇದರಲ್ಲಿ ಗೊಂಬೆಯಾಟ ಎಲ್ಲಿದೆ?

ಮಾತುಕತೆ

ಧ್ವನಿ ತಂತ್ರಜ್ಞಾನದ ಕಡೆಯಿಂದ ಹೇಳುತ್ತೇನೆ. ಚಿಕ್ಕ ಮಕ್ಕಳ ಕನ್ನಡಕ್ಕೆ ಇವತ್ತು ಬೇರೆ ದಾರಿ ಕಷ್ಟ. ನಾವೋದ ಒಳಗೇ ಬರುವ ಮಾತು ಗುರುತಿಸುವ ತಂತ್ರಾಂಶದಲ್ಲಿ ಕನ್ನಡ ಇಲ್ಲ. ಹೊರಗಿನದನ್ನು ಜೋಡಿಸಬೇಕು. ನಮ್ಮ ಐಐಎಸ್‌ಸಿಯ, ಮಾತಿನ ದತ್ತಾಂಶ ಸಂಗ್ರಹಿಸುವ ರೆಸ್ಪಿನ್ ಯೋಜನೆಯ ಒಂಬತ್ತು ಭಾಷೆಗಳಲ್ಲಿ ಕನ್ನಡವಿದೆ, ಆದರೆ ಆ ದತ್ತಾಂಶ ಕೃಷಿ ಮತ್ತು ಹಣಕಾಸಿನ ಮಾತಿಗೆ ಸಂಬಂಧಪಟ್ಟದ್ದು. ಒಂದನೇ ಕ್ಲಾಸಿನ ಮಗುವಿನ ಬಾಯಿಗೂ ಅದಕ್ಕೂ ದೂರ. ಮಗುವಿನ ಧ್ವನಿನಾಳ ಗಿಡ್ಡ, ಸ್ವರ ಎತ್ತರ, ನಡುನಡುವೆ ತಡೆಯುತ್ತದೆ, ಹೇಳಿದ್ದನ್ನೇ ಮತ್ತೆ ಶುರು ಮಾಡುತ್ತದೆ.

ಅದರ ಮೇಲೆ ಕನ್ನಡದ್ದೇ ಒಂದು ತೊಡಕಿದೆ. ರೋಬಾಟ್ "ಎಷ್ಟು ಹಣ್ಣಿವೆ?" ಅಂತ ಕೇಳಿತು ಅನ್ನಿ. ಪದಪಟ್ಟಿಯಲ್ಲಿ "ಮೂರು" ಅಂತಿರುತ್ತದೆ. ಮಂಡ್ಯದ ಮಗು "ಮೂರೈತೆ" ಅನ್ನುತ್ತದೆ, ಧಾರವಾಡದ ಮಗು "ಮೂರದಾವ್ರಿ" ಅನ್ನುತ್ತದೆ, ಇನ್ನೊಂದು "ಮೂರೇ ಮೂರು" ಅನ್ನುತ್ತದೆ. ಪದ ಹೆಕ್ಕುವ ತಂತ್ರಾಂಶಕ್ಕೆ ಮೂರೂ ಬೇರೆ ಬೇರೆ ಸದ್ದು. ಪಟ್ಟಿಗೆ ಎಲ್ಲ ರೂಪ ಸೇರಿಸುತ್ತಾ ಹೋದರೆ "ಮೂರೈತೆ" ಮತ್ತು "ನೂರೈತೆ" ಅದಲುಬದಲಾಗಲು ಶುರುವಾಗುತ್ತದೆ.

ನಾವೋದ ನಾಲ್ಕೂ ಮೈಕ್ ಇರುವುದು ತಲೆಯಲ್ಲಿ, ತಂಪು ಮಾಡುವ ಫ್ಯಾನ್ ಕೂಡ ಅಲ್ಲೇ. ಫ್ಯಾನ್ ಜೋರಾದ ಕೂಡಲೇ ಮಗುವಿನ ಮೆಲುದನಿ ಮುಳುಗುತ್ತದೆ. ಮಗುವಿನ ಕಾಲರ್‌ಗೆ ಕ್ಲಿಪ್ ಮೈಕ್ ಹಾಕಿ, ಇಲ್ಲವೇ ಹೌದು-ಅಲ್ಲ ಉತ್ತರಕ್ಕೆ ರೋಬಾಟ್‌ನ ತಲೆ ಮೇಲಿನ ಸ್ಪರ್ಶ ಸೆನ್ಸರ್ ಮುಟ್ಟಿಸಿ. ಹಂಚಿನ ಮಾಡಿನ ಕೋಣೆಯಲ್ಲಿ ಮೀಟರ್ ದೂರದಿಂದ ಮಾತು ಹಿಡಿಯುತ್ತೇವೆ ಅನ್ನುವವರು ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ರೆಕಾರ್ಡ್ ಮಾಡಿ ಕೇಳಿ ನೋಡಲಿ.

ತುಂಗಾತೀರ

"ಬೇರೆ ದಾರಿ ಕಷ್ಟ" ಅಂತ ಒಪ್ಪಿಕೊಂಡಿರಲ್ಲ, ಅಷ್ಟೇ ನಾನು ಹೇಳಿದ್ದು. ಮಗುವಿನ ಮಾತು ಅರ್ಥ ಮಾಡಿಕೊಳ್ಳುವ ರೋಬಾಟ್ ಇಲ್ಲ. ಇಲ್ಲದ ವಸ್ತುವಿನ ಪರಿಣಾಮ ಅಳೆದು ಪೇಪರ್ ಬರೆಯುತ್ತಿದ್ದೀರಿ. ಮಗುವಿಗೆ ಉತ್ತರ ಕೊಟ್ಟದ್ದು ತೆರೆಮರೆಯಲ್ಲಿ ಕೂತ ಮನುಷ್ಯನ ಬುದ್ಧಿ. ಹಾಗಾದರೆ ಶೇ. 40 ಅನ್ನುವ ಅಂಕಿ ಆ ಮನುಷ್ಯನ ಖಾತೆಗೆ ಹೋಗಬೇಕು, ರೋಬಾಟ್ ಖಾತೆಗಲ್ಲ.

ಅಂಕಿಅಂಶ

ಖಾತೆಗಿಂತ ದೊಡ್ಡ ತೊಂದರೆ ಇದೆ. ಗುಂಡಿ ಒತ್ತುವವನಿಗೆ ಎದುರಿಗಿರುವ ಮಗು ಯಾವ ಗುಂಪಿನದು ಅಂತ ಗೊತ್ತಿರುತ್ತದೆ. ತನ್ನ ಗೈಡ್‌ಗೆ ಯಾವ ಫಲಿತಾಂಶ ಬೇಕು ಅನ್ನುವುದೂ ಗೊತ್ತಿರುತ್ತದೆ. "ಪ್ರೋತ್ಸಾಹ ಕೊಡುವ ರೋಬಾಟ್" ಗುಂಪಿನಲ್ಲಿ ಮಗುವಿನ ತೊದಲು ಉತ್ತರವನ್ನು ಸರಿ ಅಂತ ಒತ್ತಿ, "ಸಪ್ಪೆ ರೋಬಾಟ್" ಗುಂಪಿನಲ್ಲಿ ಅದೇ ತೊದಲನ್ನು ತಪ್ಪು ಅಂತ ಒತ್ತಿದರೆ ಮುಗಿಯಿತು. ಲಾಗ್‌ನಲ್ಲಿ ಗುಂಡಿ ದಾಖಲಾಗುತ್ತದೆ, ಕೈ ಯಾಕೆ ಆ ಕಡೆ ಹೋಯಿತು ಅನ್ನುವುದು ದಾಖಲಾಗುವುದಿಲ್ಲ.

ಇದಕ್ಕೆ ಪರಿಹಾರ ಇದೆ. ಆಪರೇಟರ್‌ಗೆ ರೋಬಾಟ್ ಕಾಣಿಸಬಾರದು, ಅದರ ದನಿ ಕೇಳಿಸಬಾರದು. ಮಗುವಿನ ಧ್ವನಿ ಮಾತ್ರ ಹೋಗಬೇಕು. "ಸರಿ, ತಪ್ಪು, ಮೌನ, ಗೊತ್ತಾಗಲಿಲ್ಲ" ಅನ್ನುವ ನಾಲ್ಕೇ ಗುಂಡಿ. ಆಮೇಲೆ ರೋಬಾಟ್ ಏನು ಹೇಳಬೇಕು ಅನ್ನುವುದನ್ನು ಪ್ರೋಗ್ರಾಂ ನಿರ್ಧರಿಸಲಿ. ನಲವತ್ತು ಗುಂಡಿ ಕೊಟ್ಟಿರಿ ಅಂದರೆ ಮನುಷ್ಯನ ಚಾತುರ್ಯವನ್ನು ಅಳೆಯುತ್ತಿದ್ದೀರಿ.

ಮೋಟರ್ ಮೇಷ್ಟ್ರು

ನಾಲ್ಕೇ ಗುಂಡಿ ಇರಬೇಕು ಅಂದ್ರಲ್ಲ, ನೀವು ತಲೆ ಮೇಲೆ ಹೊತ್ಕೊಂಡ ಎಲ್-ಟ್ಯೂಟರ್‌ನಲ್ಲಿ ಏನಿತ್ತು? ಮಗು ಪದ ಗಟ್ಟಿಯಾಗಿ ಹೇಳಿತು ಅನ್ನೋದನ್ನು ರೋಬಾಟ್ ತಾನೇ ಹಿಡೀಲಿಲ್ಲ. ಪಕ್ಕದಲ್ಲಿದ್ದ ಸಂಶೋಧಕರು ಗುಂಡಿ ಒತ್ತಿ ತಿಳಿಸಿದ್ರು. ನಿಮ್ಮ ಪುರಾವೆಯೂ ಗೊಂಬೆಯಾಟವೇ ಆಯ್ತು. ನಮ್ಮದಾದರೆ ಮೋಸ, ನಿಮ್ಮದಾದರೆ ವಿಜ್ಞಾನ?

ಅಂಕಿಅಂಶ

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. "ಮಗು ಬಾಯಿ ತೆರೆಯಿತು" ಅಂತ ತಿಳಿಸುವುದು ಕಿವಿಯ ಕೆಲಸ. "ಈಗ ಇದನ್ನು ಹೇಳು" ಅನ್ನುವುದು ತಲೆಯ ಕೆಲಸ. ಎಲ್-ಟ್ಯೂಟರ್‌ನಲ್ಲಿ ಮನುಷ್ಯ ಕಿವಿಯಾಗಿದ್ದ, ಮಿಕ್ಕದ್ದನ್ನು ಯಂತ್ರ ತಾನೇ ನಡೆಸಿತು. ಪೆಪೆಯಲ್ಲಿ ಮನುಷ್ಯನೇ ತಲೆ. ಈ ವ್ಯತ್ಯಾಸ ಕಾಣದವರು ಪ್ರಯೋಗ ರೂಪಿಸಬಾರದು.

ಮೋಟರ್ ಮೇಷ್ಟ್ರು

"ಪ್ರಯೋಗ ರೂಪಿಸಬಾರದು" ಅಂತ ಅಪ್ಪಣೆ ಕೊಡೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು ಮೇಡಂ? ಸಂಖ್ಯಾಶಾಸ್ತ್ರದ ಪಿ-ಬೆಲೆ ಲೆಕ್ಕ ಹಾಕಿದ ಮಾತ್ರಕ್ಕೆ ರೋಬಾಟ್ ನಡೆಯಲ್ಲ. ನಾವೋವನ್ನು ನಿಲ್ಲಿಸಿ ಪಾಠ ಹೇಳಿಸಿದ್ರೆ ಮೊಣಕಾಲು, ಸೊಂಟದ ಮೋಟರ್ ಕಾದು, ಅದು ತಾನೇ ಬಿಗಿ ಸಡಿಲಿಸುತ್ತೆ. 58 ಸೆಂ.ಮೀ. ಎತ್ತರದ, ಐದೂವರೆ ಕಿಲೊ ತೂಕದ ಯಂತ್ರ ಮಗುವಿನ ಕಣ್ಣೆದುರೇ ಕುಸಿಯುತ್ತೆ. ಮಗು ಅಳುತ್ತೆ, ಆ ದಿನದ ದತ್ತಾಂಶ ಹೋಯ್ತು. ಅದಕ್ಕೇ ಕೂರಿಸ್ತೀವಿ, ಕಾಲಿನ ಬಿಗಿ ಸೊನ್ನೆಗೆ ಇಳಿಸ್ತೀವಿ, ಬರೀ ತೋಳು-ತಲೆಯ ಸನ್ನೆ ಇಟ್ಕೊಳ್ತೀವಿ, ಪ್ರತಿ ಮಗು ಆದ್ಮೇಲೆ ಕೀಲಿನ ಉಷ್ಣತೆ ಓದಿ ಬರೆದಿಡ್ತೀವಿ. ಶಾಲೆಯ ವೈಫೈ ನಂಬದೆ ಸ್ವಂತ ರೌಟರ್ ಒಯ್ತೀವಿ, ಕರೆಂಟ್ ಹೋದ್ರೆ ಅಂತ ಅದಕ್ಕೂ ಬ್ಯಾಟರಿ. ಇಷ್ಟೆಲ್ಲ ಮಾಡೋರಿಗೆ ಕಿವಿ-ತಲೆ ಪಾಠ ಬೇಡ.

ತೊಗಲುಪರದೆ

ಗೊಂಬೆಯಾಟ ಅನ್ನುವ ಪದವನ್ನು ಇಬ್ಬರೂ ಬೈಗುಳದ ಹಾಗೆ ಬಳಸುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದೆ ಕಲಾವಿದ ಇದ್ದಾನೆ ಅನ್ನುವುದು ಎದುರಿಗೆ ಕೂತ ಪ್ರತಿ ಮಗುವಿಗೂ ಗೊತ್ತು. ಹಾಡು ಅವನದು, ದನಿ ಅವನದು, ದೀಪದ ಬೆಳಕಿಗೆ ಅವನ ನೆರಳೂ ಆಗಾಗ ಕಾಣುತ್ತದೆ. ಅಲ್ಲಿ ಮೋಸ ಇಲ್ಲ. ನಿಮ್ಮ ವಿಜರ್ಡ್ ವಿಧಾನದಲ್ಲಿ ಮಗುವಿಗೆ ಅದು ಗೊತ್ತಾಗಬಾರದು ಅನ್ನುವುದೇ ಷರತ್ತು. ಹಾಗಾಗಿ ದಯವಿಟ್ಟು ಅದನ್ನು ಗೊಂಬೆಯಾಟ ಅನ್ನಬೇಡಿ.

ತುಂಗಾತೀರ

"ಮಗುವಿಗೆ ಗೊತ್ತಾಗಬಾರದು ಅನ್ನುವುದೇ ಷರತ್ತು". ಇಲ್ಲಿಗೆ ಬರಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ತಂದೆತಾಯಿಯ ಲಿಖಿತ ಒಪ್ಪಿಗೆ ಸಾಲದು. ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ ಬೇಕು, ಹನ್ನೆರಡು ದಾಟಿದರೆ ಬರಹದಲ್ಲಿ ಬೇಕು. "ಈ ರೋಬಾಟ್ ಜೊತೆ ಮಾತಾಡ್ತೀಯಾ?" ಅಂದಾಗ ಮಗು ಹೂಂ ಅಂದದ್ದು ರೋಬಾಟ್‌ಗೆ. ಗೋಡೆಯಾಚೆ ಕ್ಯಾಮೆರಾದಲ್ಲಿ ತನ್ನನ್ನೇ ನೋಡುತ್ತಾ ಕೂತ ಅಪರಿಚಿತ ದೊಡ್ಡವನಿಗಲ್ಲ. ಪೆಪೆಗೆ ಜೀವ ಇದೆ ಅಂದುಕೊಂಡ ಮಕ್ಕಳೂ ಇದ್ದರು. ಗುಟ್ಟು ಹೇಳಿಕೊಂಡರೆ ಆ ಗುಟ್ಟು ಯಾರ ಕಿವಿಗೆ ಬಿತ್ತು?

ಮೋಟರ್ ಮೇಷ್ಟ್ರು

ಗುಟ್ಟು ಕದಿಯೋರು ಅಂತ ನಮ್ಮನ್ನು ಕರೀತಿದ್ದೀರಾ? ಕೈ ತೊಳೆಯೋ ಜಾಗದಲ್ಲಿ ಯಾವ ಗುಟ್ಟು ರೀ? ಪ್ರಯೋಗ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ಆಪರೇಟರ್‌ನ ಪರದೆ ತೋರಿಸಿ, "ನೀನೂ ಒಂದು ಗುಂಡಿ ಒತ್ತು" ಅಂತ ಬಿಟ್ಟು ವಿವರಿಸೋ ಕ್ರಮ ಇದೆ. ಮಕ್ಕಳು ಅದನ್ನೇ ಹೆಚ್ಚು ಇಷ್ಟಪಡ್ತಾರೆ. ಅದನ್ನು ಬಿಟ್ಟು ಬೇಕಾದಷ್ಟೇ ಎತ್ತಿಕೊಂಡು ಮಾತಾಡಬೇಡಿ.

ತುಂಗಾತೀರ

ಕ್ರಮ ಇದೆ ಅನ್ನುವುದು ಬೇರೆ, ಪೇಪರ್‌ನಲ್ಲಿ "ಮಾಡಿದೆವು" ಅಂತ ಬರೆದಿರುವುದು ಬೇರೆ. ಎರಡನೆಯದನ್ನು ತೋರಿಸಿ.

ದೊಡ್ಡಾಲದಮರ

ಮಕ್ಕಳನ್ನು ಸ್ವಲ್ಪ ಬಿಟ್ಟು ವೃದ್ಧರ ಕಡೆ ನೋಡೋಣ. ಅಲ್ಲಿ ತೆರೆಮರೆಯ ಮನುಷ್ಯನೇ ಇಲ್ಲ. ಜಪಾನಿನ ಪಾರೊ, ಸೀಲ್ ಮರಿಯ ಆಕಾರ, 2.7 ಕಿಲೊ. ಮುಟ್ಟಿದರೆ ತಲೆ ಎತ್ತಿ ಕೂಗುತ್ತದೆ. 2009ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ವೈದ್ಯಕೀಯ ಸಾಧನದ ವರ್ಗಕ್ಕೆ ಸೇರಿಸಿತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು 28 ಆರೈಕೆ ಮನೆಗಳಲ್ಲಿ ಮರೆವಿನ ಕಾಯಿಲೆಯ 415 ಜನರ ಮೇಲೆ ಪ್ರಯೋಗ ಮಾಡಿದರು. ವಾರಕ್ಕೆ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ, ಹತ್ತು ವಾರ. ಒಂದು ಗುಂಪಿಗೆ ಪಾರೊ, ಒಂದಕ್ಕೆ ಯಂತ್ರಭಾಗ ನಿಷ್ಕ್ರಿಯಗೊಳಿಸಿದ ಅದೇ ಪಾರೊ, ಒಂದಕ್ಕೆ ಎಂದಿನ ಆರೈಕೆ. ಎಲ್ಲಕ್ಕಿಂತ ಜಾಣತನದ ಹೋಲಿಕೆ ಅಂದರೆ ಇದು. ಮೈ ಅದೇ, ತುಪ್ಪಳ ಅದೇ, ತೂಕ ಅದೇ, ಚಲನೆ ಮಾತ್ರ ಇಲ್ಲ.

ಎಂದಿನ ಆರೈಕೆಗಿಂತ ಪಾರೊ ಚೆನ್ನಾಗಿತ್ತು. ಆದರೆ ಬರೀ ಗೊಂಬೆಗಿಂತ ಮೇಲಾದದ್ದು ಒಂದರಲ್ಲೇ, ಅದನ್ನು ನೋಡುವುದು, ಅದರೊಂದಿಗೆ ಮಾತಾಡುವುದು ಹೆಚ್ಚಿತು. ಶಾಲಾ ಪ್ರಯೋಗಗಳೂ ಹೀಗೆಯೇ ನಡೆಯಲಿ. ರೋಬಾಟ್ ಆಫ್ ಮಾಡಿ ಪಕ್ಕದಲ್ಲಿ ಕೂರಿಸಿ, ಅದೇ ಧ್ವನಿ ಸ್ಪೀಕರ್‌ನಿಂದ ಬರಲಿ.

ಮೋಟರ್ ಮೇಷ್ಟ್ರು

"ಮಾತಾಡುವುದು ಹೆಚ್ಚಿತು". ನೋಡಿ, ನಾನು ಮೊದಲಿನಿಂದ ಹೇಳ್ತಿರೋದು ಇದೇ. ಮರೆವಿನ ಕಾಯಿಲೆಯವರು ಬಾಯಿಬಿಟ್ಟು ಮಾತಾಡೋದು ಸಣ್ಣ ವಿಷಯ ಅಲ್ಲ. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ 2013ರ ಅಧ್ಯಯನದಲ್ಲಿ ಹನ್ನೆರಡು ವಾರದಲ್ಲಿ ಒಂಟಿತನವೂ ಕಮ್ಮಿಯಾಯ್ತು.

ದೊಡ್ಡಾಲದಮರ

ಅದರಲ್ಲಿ ನಲವತ್ತು ಜನ, ಇದರಲ್ಲಿ 415. ಅದರಲ್ಲಿ ಆಫ್ ಮಾಡಿದ ಪಾರೊ ಇರಲಿಲ್ಲ.

ಮಾತುಕತೆ

ಮತ್ತೆ ವಿಜರ್ಡ್ ವಿಷಯಕ್ಕೆ. ನಾಲ್ಕು ಗುಂಡಿ, ನಲವತ್ತು ಗುಂಡಿ ಜಗಳದಲ್ಲಿ ವೇಳೆಯ ಮಾತೇ ಬರಲಿಲ್ಲ. ಮನುಷ್ಯರ ನಡುವೆ ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ 200 ಮಿಲಿಸೆಕೆಂಡ್ ಸಾಕು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನ ತೋರಿಸಿದ್ದು ಇದು. ಆಪರೇಟರ್ ಕೇಳಿ, ಯೋಚಿಸಿ, ನಲವತ್ತರಲ್ಲಿ ಸರಿಯಾದ ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಎರಡು ಮೂರು ಸೆಕೆಂಡ್. ರೋಬಾಟ್ ಎರಡು ಸೆಕೆಂಡ್ ಒಳಗೆ ಉತ್ತರಿಸಬೇಕು, ತಡವಾದರೆ "ಎತ್ತೊ..." ಅನ್ನುವಂಥ ತಡವರಿಕೆಯ ಸದ್ದಿನಿಂದ ಆ ಕಿರಿಕಿರಿ ತಗ್ಗಿಸಬಹುದು ಅಂತ ಜಪಾನಿನವರು 2008ರಲ್ಲೇ ತೋರಿಸಿದರು. ಕನ್ನಡದಲ್ಲಿ "ಊಂ...", "ಅದೂ..." ಹಾಕಬಹುದು. ಮಾತು ಮುಗಿದ ಸುಳಿವು ಸಿಕ್ಕ ತಕ್ಷಣ ಇದು ತಾನಾಗಿ ಹೊರಡಬೇಕು, ಆಪರೇಟರ್‌ಗೆ ಬಿಡಬಾರದು.

ಒಂದು ಎಚ್ಚರ. ಮಗು ಉತ್ತರದ ನಡುವೆ ಯೋಚಿಸಲು ನಿಂತಾಗಲೂ "ಊಂ" ಬಂದರೆ, ತನ್ನ ಉತ್ತರ ತಪ್ಪು ಅಂದುಕೊಂಡು ಬದಲಿಸಿಬಿಡುತ್ತದೆ. ಮೌನದ ಮಿತಿಯನ್ನು ದೊಡ್ಡವರಿಗಿಂತ ಹೆಚ್ಚು ಇಡಿ, ಒಂದೂವರೆ ಸೆಕೆಂಡ್‌ನಿಂದ ಶುರು ಮಾಡಿ.

ತುಂಗಾತೀರ

"ಊಂ" ಸೇರಿಸಿದರೆ ಮಗುವಿಗೆ ಇನ್ನೂ ಹೆಚ್ಚು ಜೀವಂತ ಅನ್ನಿಸುತ್ತದೆ, ಅಂದರೆ ಮೋಸ ಇನ್ನೂ ಹೆಚ್ಚು. ಇದನ್ನು ಪರಿಹಾರ ಅಂತ ಕರೆಯುತ್ತೀರಾ?

ಮಾತುಕತೆ

ತಡಕ್ಕೆ ಪರಿಹಾರ ಅಂದೆ. ನಿಮ್ಮ ಪ್ರಶ್ನೆಗೆ ಪರಿಹಾರ ಅಂತ ಹೇಳಲಿಲ್ಲ.

ಅಂಕಿಅಂಶ

ಮೂಲ ಪ್ರಶ್ನೆ ಕಳೆದೇ ಹೋಗಿದೆ. ಟ್ಯಾಬ್ಲೆಟ್ ಗುಂಪು ಯಾಕೆ ಬೇಡ? ಇನ್ನೂ ಒಬ್ಬರೂ ಉತ್ತರ ಕೊಟ್ಟಿಲ್ಲ. 0.70 ಅಂತ ಹೇಳಿದವರು ಹೊಸತನದ ಅಮಲನ್ನು ಹೇಗೆ ಕಳೆಯುತ್ತಾರೆ? ಜಪಾನಿನ ಶಾಲೆಯಲ್ಲಿ ರೋಬೊವಿ ಅನ್ನುವ ರೋಬಾಟ್ ಇಟ್ಟು 119 ಒಂದನೇ ತರಗತಿ, 109 ಆರನೇ ತರಗತಿ ಮಕ್ಕಳನ್ನು ಗಮನಿಸಿದ 2004ರ ವರದಿ ಓದಿ. ಮೊದಲ ವಾರ ಮುಗಿಬಿದ್ದರು, ಎರಡನೇ ವಾರ ಹತ್ತಿರ ಬರುವುದು ಇಳಿದುಹೋಯಿತು.

ಲೆಕ್ಕವನ್ನೂ ಹೇಳುತ್ತೇನೆ. ಎರಡು ಗುಂಪಿನ ನಡುವೆ 0.5ರಷ್ಟು ವ್ಯತ್ಯಾಸ ಹಿಡಿಯಲು, ಶೇ. 80 ಸಾಮರ್ಥ್ಯಕ್ಕೆ (ನಿಜಕ್ಕೂ ಇರುವ ವ್ಯತ್ಯಾಸ ನೂರರಲ್ಲಿ ಎಂಬತ್ತು ಸಲ ಕಣ್ಣಿಗೆ ಬೀಳುವಂತೆ), ಗುಂಪಿಗೆ 64 ಮಕ್ಕಳು ಬೇಕು. 0.2 ಹಿಡಿಯಬೇಕಾದರೆ ಸುಮಾರು 394. ಮಕ್ಕಳನ್ನು ಒಬ್ಬೊಬ್ಬರಾಗಿ ಹಂಚದೆ ಇಡೀ ತರಗತಿಯನ್ನೇ ಒಂದು ಗುಂಪಿಗೆ ಹಾಕಿದರೆ ಇನ್ನೂ ಏರುತ್ತದೆ. ತರಗತಿಯಲ್ಲಿ 25 ಮಕ್ಕಳು, ಒಳಹೋಲಿಕೆ (ಒಂದೇ ತರಗತಿಯ ಮಕ್ಕಳ ಅಂಕಗಳು ಒಂದನ್ನೊಂದು ಹೋಲುವ ಮಟ್ಟ) 0.15 ಅಂದುಕೊಂಡರೆ 1 + 24 × 0.15 = 4.6 ಪಟ್ಟು. ಆ 64 ಈಗ 295 ಆಗುತ್ತದೆ. ಮೂವತ್ತು ಮಕ್ಕಳನ್ನು ಎರಡಾಗಿ ಹಂಚಿ, ಒಂದೇ ಸಲ ಭೇಟಿ ಮಾಡಿ, "ರೋಬಾಟ್ ಕಲಿಕೆ ಹೆಚ್ಚಿಸುತ್ತದೆ" ಅಂತ ಬರೆಯುವುದನ್ನು ನಿಲ್ಲಿಸಿ ಅನ್ನುವುದಷ್ಟೇ ನನ್ನ ಬೇಡಿಕೆ.

ಮೋಟರ್ ಮೇಷ್ಟ್ರು

ಅದೇ ರೋಬೊವಿ ವರದಿಯಲ್ಲಿ, ಎರಡನೇ ವಾರವೂ ರೋಬಾಟ್ ಹತ್ತಿರ ಹೋಗ್ತಾ ಇದ್ದ ಮಕ್ಕಳ ಇಂಗ್ಲಿಷ್ ಸುಧಾರಿಸಿತು ಅಂತಲೂ ಇದೆ. ಅದನ್ನು ಯಾಕೆ ಬಿಟ್ರಿ?

295 ಮಕ್ಕಳ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಒಂದು ರೋಬಾಟ್, ಮಗುವಿಗೆ ಇಪ್ಪತ್ತು ನಿಮಿಷ, ನಡುವೆ ಮೋಟರ್ ತಣಿಯೋಕೆ ಹತ್ತು ನಿಮಿಷ. ಶಾಲೆ ವೇಳೆಯಲ್ಲಿ ದಿನಕ್ಕೆ ಎಂಟು ಹತ್ತು ಮಕ್ಕಳಾದ್ರೆ ಹೆಚ್ಚು. ಏಳು ಪಾಠ ಅಂದ್ರೆ ಆ ಒಂದು ಗುಂಪಿಗೇ ಇನ್ನೂರಕ್ಕೂ ಹೆಚ್ಚು ದಿನ, ಒಂದು ಶಾಲಾ ವರ್ಷವೇ ಮುಗಿಯುತ್ತೆ. ನಾಲ್ಕು ರೋಬಾಟ್ ತಗೋಬೇಕು. ನಾವೋ ತಯಾರಿಸಿದ ಆಲ್ಡೆಬರಾನ್ ಕಂಪನಿಯೇ 2025ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಬಿಡಿಭಾಗಕ್ಕೆ ಯಾರನ್ನು ಕೇಳೋದು? ಇಂಥ ಸ್ಥಿತಿಯಲ್ಲಿ ಟ್ಯಾಬ್ಲೆಟ್ ಗುಂಪನ್ನೂ ಸೇರಿಸಿ ಅಂದ್ರೆ ಯಾರು ಮಾಡ್ತಾರೆ? ಸೇರಿಸಬಾರದು ಅಂತ ನಾನು ಎಲ್ಲೂ ಹೇಳಿಲ್ಲ. ಸೇರಿಸದಿದ್ರೆ ದುಡ್ಡು ಕೊಡಬೇಡಿ ಅನ್ನೋದನ್ನು ಒಪ್ಪಲ್ಲ.

ಅಂಕಿಅಂಶ

ಟ್ಯಾಬ್ಲೆಟ್ ಗುಂಪಿಗೆ ಮೋಟರ್ ತಣಿಯಬೇಕಾಗಿಲ್ಲ. ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಬಹುದು. ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಅಗ್ಗದ ಗುಂಪು ಅದೇ.

ಮೋಟರ್ ಮೇಷ್ಟ್ರು

ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದ್ರೆ ಅದು ಸಮನಾದ ಹೋಲಿಕೆಯೇ ಅಲ್ಲ. ರೋಬಾಟ್ ಜೊತೆ ಮಗು ಒಂದೇ ಇರುತ್ತೆ. ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ, ಅದೇ ಇಪ್ಪತ್ತು ನಿಮಿಷ, ಅದೇ ಧ್ವನಿ, ಪಕ್ಕದಲ್ಲಿ ಅದೇ ಸಂಶೋಧಕ. ಆಗ ಬನ್ನಿ ಅಗ್ಗದ ಮಾತಿಗೆ.

ತುಂಗಾತೀರ

ಪ್ರಯೋಗ ಮುಗಿದ ಮೇಲೆ ಮಕ್ಕಳಿಗೆ ಪರದೆ ತೋರಿಸಿದೆವು ಅಂತ ಬರೆದ ಒಂದು ಪೇಪರ್ ಕೇಳಿದ್ದೆ ಮೇಷ್ಟ್ರೇ. ಇನ್ನೂ ಬಂದಿಲ್ಲ.